ಬೆಲೆ ನೀವೇ ಹೇಳಿ

ನಮಸ್ಕಾರ. ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ, ರೇಷ್ಮೆ ಹುಳು ಸಾಕುವ ಹುಳುಮನೆಯ ಹೊರಗಿನ ಜಗುಲಿಯ ಮೇಲೆ ಕುಳಿತು, ಇವತ್ತು ಒಂದು ಇಂಗ್ಲಿಷ್ ಆಲ್ಬಂ ಬಗ್ಗೆ ಮಾತನಾಡುತ್ತೇನೆ. ಅದು ಬ್ರಿಟನ್ನಿನ ರಾಕ್ ತಂಡ ರೇಡಿಯೊಹೆಡ್‌ನ ‘ಇನ್ ರೇನ್‌ಬೋಸ್’.

ಈ ಹೆಸರೆತ್ತಿದರೆ ರಾಕ್ ಸಂಗೀತ ಬಲ್ಲವರೆಲ್ಲ ಒಂದೇ ಕಥೆ ಹೇಳುತ್ತಾರೆ. 2007ರ ಅಕ್ಟೋಬರ್ 10ರಂದು ತಂಡ ತನ್ನ ಹತ್ತು ಹಾಡುಗಳನ್ನು ಅಂತರ್ಜಾಲದಲ್ಲಿಟ್ಟು, ಬೆಲೆ ನೀವೇ ಬರೆಯಿರಿ ಎಂದಿತು. ಸೊನ್ನೆ ಬರೆದರೂ ಹಾಡು ಸಿಗುತ್ತಿತ್ತು. ಸಂಗೀತದ ವ್ಯಾಪಾರವನ್ನೇ ಬುಡಮೇಲು ಮಾಡಿದ ಕ್ರಾಂತಿ ಎಂದು ಆಗ ಕೊಂಡಾಡಿದರು, ಈಗಲೂ ಕೊಂಡಾಡುತ್ತಾರೆ. ಆ ಆಲ್ಬಂ ಎಂದರೆ ನನಗೆ ಪ್ರಾಣ. ಆ ಹೊಗಳಿಕೆಯ ಬಗ್ಗೆ ಮಾತ್ರ ನನ್ನ ತಕರಾರಿದೆ.

ಕೇಳುವವರೇ ಬೆಲೆ ಕಟ್ಟುವುದು ನಮ್ಮ ಸೀಮೆಗೆ ಹೊಸದೇನಲ್ಲ. ಜಾತ್ರೆಗೆ, ಮದುವೆಗೆ, ಸಾವಿಗೆ ತಮಟೆ ಬಾರಿಸುವವರು ತಲೆತಲಾಂತರದಿಂದ ಹೀಗೆಯೇ ಬದುಕಿದ್ದಾರೆ. ಎಷ್ಟಾಯಿತು ಎಂದು ಕೇಳಿದರೆ, ‘ತಿಳಿದಷ್ಟು ಕೊಡಿ ಸ್ವಾಮಿ’ ಎನ್ನುತ್ತಾರೆ. ಅದರಲ್ಲಿ ಔದಾರ್ಯಕ್ಕಿಂತ ಅಂಜಿಕೆಯೇ ಹೆಚ್ಚು. ಬಾಯಿಬಿಟ್ಟು ಇಷ್ಟು ಎಂದರೆ ಮುಂದಿನ ಸಲ ಕರೆ ಬರುವುದಿಲ್ಲ. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ ತಮಟೆ ವಾದನಕ್ಕಾಗಿ 2023ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ನಾವೆಲ್ಲ ಹೆಮ್ಮೆಪಟ್ಟೆವು. ಮೆರವಣಿಗೆ ಮುಗಿದ ಮೇಲೆ ತಮಟೆಯವರ ಕೈಗೆ ನೋಟು ತುರುಕಿ ಮುಖ ತಿರುಗಿಸುವವರೂ ನಾವೇ.

ಹಾಗಾದರೆ ರೇಡಿಯೊಹೆಡ್ ತಂಡಕ್ಕೆ ಆ ಧೈರ್ಯ ಎಲ್ಲಿಂದ ಬಂತು? ಅವರು ಅಷ್ಟರಲ್ಲಿ ಇಎಂಐ ಎಂಬ ಸಂಗೀತ ಕಂಪನಿಗೆ ಆರು ಆಲ್ಬಂ ಕೊಟ್ಟು, ಒಪ್ಪಂದ ಮುಗಿಸಿಕೊಂಡು, ಲೋಕಪ್ರಸಿದ್ಧರಾಗಿದ್ದರು. ಸೊನ್ನೆಗೂ ಹಾಡು ಕೊಟ್ಟ ಹೊತ್ತಿನಲ್ಲೇ ಇದೇ ಆಲ್ಬಂನ 40 ಪೌಂಡ್ ಬೆಲೆಯ ವಿಶೇಷ ಪೆಟ್ಟಿಗೆಯನ್ನೂ ಮಾರಾಟಕ್ಕಿಟ್ಟಿದ್ದರು. 2007 ಮುಗಿದು 2008 ಶುರುವಾಗುವ ಹೊತ್ತಿಗೆ ಸಿ.ಡಿ. ಅಂಗಡಿಗೆ ಬಂದಾಗ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೇರಿತು. ಯಾರೂ ಒಂದು ಕಾಸೂ ಕೊಡದಿದ್ದರೂ ಅವರ ಮನೆಯ ಒಲೆ ಆರುತ್ತಿರಲಿಲ್ಲ.

ನಾನು ರೇಷ್ಮೆ ಬೆಳೆಯುವ ಮನೆಯವನು. ಬೇರೆಯವರು ಬೆಲೆ ಹೇಳುವುದೆಂದರೇನು ಎಂದು ಗೂಡಿನ ಮಾರುಕಟ್ಟೆಯಲ್ಲಿ ಕಂಡಿದ್ದೇನೆ. ಬೆಲೆ ಹಾಕುವವರು ರೀಲರ್‌ಗಳು, ಅಂದರೆ ಗೂಡು ಕೊಂಡು ನೂಲು ಬಿಚ್ಚುವವರು. ಒಪ್ಪಿಗೆಯಾಗದಿದ್ದರೆ ಬೇಡ ಎನ್ನುವ ಹಕ್ಕು ನಮಗಿದೆ, ನಿಜ. ಆದರೆ ಗೂಡು ನಮಗಾಗಿ ಕಾಯುವುದಿಲ್ಲ. ಕೆಲವೇ ದಿನಗಳಲ್ಲಿ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತದೆ, ಆಮೇಲೆ ಅದರಿಂದ ನೂಲು ಬಿಚ್ಚಲಾಗದು. ಅಪ್ಪ ತುಟಿ ಕಚ್ಚಿಕೊಂಡು ಹೂಂ ಎಂದದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಆ ತಂಡದವರು ಕಾಯಬಲ್ಲವರಾಗಿದ್ದರು. ಆಲ್ಬಂನ ಸೊಗಸಿರುವುದೂ ಆ ಕಾಯುವಿಕೆಯಲ್ಲೇ ಎಂದು ನಾನು ನಂಬಿದ್ದೇನೆ. ಇದರಲ್ಲಿರುವ ‘ನ್ಯೂಡ್’ ಹಾಡು ತೊಂಬತ್ತರ ದಶಕದಲ್ಲೇ ಹುಟ್ಟಿತ್ತು. ವೇದಿಕೆಯಲ್ಲಿ ಹಾಡಿದ್ದರು, ಆದರೆ ಸರಿಯಾದ ರೂಪ ಒದಗಲಿಲ್ಲವೆಂದು ಒಂದಾದ ಮೇಲೊಂದು ಆಲ್ಬಂನಿಂದ ಹೊರಗಿಟ್ಟರು. ಕೊನೆಗೆ ಇಲ್ಲಿ ಬಂದಾಗ ಅದು ಎಷ್ಟು ಹಗುರ! ಬೇಸ್ ಗಿಟಾರ್ ನಿಧಾನವಾಗಿ ದಾರಿ ಮಾಡುತ್ತದೆ, ಅದರ ಮೇಲೆ ತಂಡದ ಗಾಯಕ ಟಾಮ್ ಯಾರ್ಕ್ ಕಂಠ ಯಾವ ಭಾರವೂ ಇಲ್ಲದೆ ಏರುತ್ತದೆ. ಮೊದಲ ಹಾಡು ‘ಫಿಫ್ಟೀನ್ ಸ್ಟೆಪ್’ ಐದು ಎಣಿಕೆಯ ತಾಳದಲ್ಲಿದೆ. ತಕ ತಕಿಟ, ತಕ ತಕಿಟ ಎಂದು ತೊಡೆಯ ಮೇಲೆ ತಟ್ಟಿಕೊಳ್ಳುತ್ತಾ ಕೇಳಿ, ಪರದೇಶದ್ದು ಎಂಬುದೇ ಮರೆತುಹೋಗುತ್ತದೆ. ಧ್ವನಿಮುದ್ರಣ 2005ರಲ್ಲಿ ಶುರುವಾಗಿ ಎರಡು ವರ್ಷಕ್ಕೂ ಹೆಚ್ಚು ಎಳೆಯಿತು. ನಡುವೆ ನಿರ್ಮಾಪಕರು ಬದಲಾದರು, ಹಳೆಯ ಜೊತೆಗಾರ ನೈಜೆಲ್ ಗಾಡ್ರಿಚ್ ಮರಳಿದ ಮೇಲೆ ಕೆಲಸ ಕುದುರಿತು.

ಬಿಡಿ ಹಾಡಾಗಿ ಕೇಳಬೇಡಿ ಎಂದು ನಿಮ್ಮಲ್ಲಿ ಬೇಡಿಕೊಳ್ಳುತ್ತೇನೆ. ಇಡೀ ಆಲ್ಬಂ ನಲವತ್ಮೂರು ನಿಮಿಷವೂ ಇಲ್ಲ. ನಾನು ಕೇಳುವುದು ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ಮೇಲಿನ ರಾತ್ರಿಗಳಲ್ಲಿ. ಸೊಪ್ಪು ಹಾಕಿ ಮುಗಿಸುವ ಹೊತ್ತಿಗೆ ಕೊನೆಯ ಹಾಡು ‘ವೀಡಿಯೊಟೇಪ್’ ಬಂದಿರುತ್ತದೆ. ಆಗ ಒಂದು ಕಿವಿಯ ಇಯರ್‌ಫೋನ್ ತೆಗೆದುಬಿಡುತ್ತೇನೆ. ಒಂದು ಕಿವಿಯಲ್ಲಿ ಪಿಯಾನೊ, ಇನ್ನೊಂದರಲ್ಲಿ ಸಾವಿರಾರು ಹುಳುಗಳು ಸೊಪ್ಪು ಮೇಯುವ ಸದ್ದು.

ಇಂಥ ಕೆಲಸಕ್ಕೆ ಬೇಕಾದ ಸಮಯ ಯಾರಿಗಿದೆ, ಯಾರಿಗಿಲ್ಲ ಎಂಬುದೇ ನನಗೆ ದೊಡ್ಡ ಪ್ರಶ್ನೆ. ಬೆಲೆ ಬರೆಯುವ ಖಾಲಿ ಜಾಗವನ್ನು ಹೊಗಳುವವರು ಅದನ್ನು ಕೇಳುವುದೇ ಇಲ್ಲ.

ಕಳೆದ ವರ್ಷ ನಮ್ಮ ತಾತ ತೀರಿಕೊಂಡರು. ತಮಟೆಯವರು ಮುಂಜಾನೆಯಿಂದ ಮಧ್ಯಾಹ್ನದವರೆಗೆ ಬಾರಿಸಿದರು. ಮಣ್ಣು ಮಾಡಿ ಬಂದ ಮೇಲೆ ಅವರಲ್ಲಿ ಹಿರಿಯರನ್ನು ಪಕ್ಕಕ್ಕೆ ಕರೆದು ಎಷ್ಟು ಕೊಡಬೇಕು ಎಂದೆ. ‘ತಿಳಿದಷ್ಟು ಕೊಡಿ ಸ್ವಾಮಿ’ ಎಂದರು. ‘ನನಗೆ ತಿಳಿಯುವುದಿಲ್ಲ, ಬಾರಿಸಿದವರು ನೀವು, ನೀವೇ ಹೇಳಬೇಕು’ ಎಂದೆ. ಅವರು ತಮಟೆಯನ್ನು ಕೆಳಗಿಟ್ಟು, ಜೊತೆಯವರ ಕಡೆ ಒಮ್ಮೆ ನೋಡಿ, ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದು ಮೊತ್ತ ಹೇಳಿದರು.