ಸಾಫ್ಟ್‌ಬಾಲ್ ಆಡಿದವಳು ಬೇಸ್‌ಬಾಲ್ ಕಲಿಸಬಲ್ಲಳೇ?

ನಮಸ್ಕಾರ, ಮುಂಬಯಿಯ ಮಾಟುಂಗಾದಿಂದ ಮಾತನಾಡುತ್ತಿದ್ದೇನೆ. ಶಾಲಾ ತಂಡದಲ್ಲಿ ಸಾಫ್ಟ್‌ಬಾಲ್ ಆಡುವ ಮಗಳ ಪರವಾಗಿ ಪುಣೆಯ ಕನ್ನಡತಿಯೊಬ್ಬರು ಕೇಳಿದ ಪ್ರಶ್ನೆ ಹದಿನೈದು ದಿನಗಳಿಂದ ನನ್ನ ತಲೆಯಲ್ಲೇ ಕುಳಿತಿದೆ: ಈ ಆಟವಾಡಿ ಬೆಳೆದ ಹೆಣ್ಣುಮಗಳು ಮುಂದೆ ಬೇಸ್‌ಬಾಲ್ ಆಡುವ ಗಂಡಸರಿಗೆ ತರಬೇತಿ ಕೊಡಬಲ್ಲಳೇ?

ಕೊಟ್ಟವರಿದ್ದಾರೆ. ಕ್ಯಾಲಿಫೋರ್ನಿಯಾದ ಅಲಿಸಾ ನ್ಯಾಕೆನ್ ಸ್ಯಾಕ್ರಮೆಂಟೊ ಸ್ಟೇಟ್ ವಿಶ್ವವಿದ್ಯಾಲಯದ ಸಾಫ್ಟ್‌ಬಾಲ್ ತಂಡದಲ್ಲಿ ಫಸ್ಟ್ ಬೇಸ್, ಅಂದರೆ ಓಟಗಾರ್ತಿ ಮೊದಲು ತಲುಪಬೇಕಾದ ನೆಲೆಯನ್ನು, ಕಾಯುತ್ತಿದ್ದರು; 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜಯಂಟ್ಸ್ ಬೇಸ್‌ಬಾಲ್ ಸಂಸ್ಥೆಗೆ ಇಂಟರ್ನ್ ಆಗಿ ಸೇರಿ, 2020ರಲ್ಲಿ ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಸ್ಪರ್ಧೆಯಾದ ಮೇಜರ್ ಲೀಗ್‌ನ ಮೊದಲ ಪೂರ್ಣಾವಧಿ ಮಹಿಳಾ ಕೋಚ್ ಆದರು. ನಿಯಮಗಳ ವಿವರಕ್ಕೆ ಇಂದು ಹೋಗುವುದಿಲ್ಲ. ಸಾಫ್ಟ್‌ಬಾಲಿನ ಚೆಂಡು ದೊಡ್ಡದು, ಎಸೆತ ಕೈ ಕೆಳಗಿನಿಂದ, ಬೇಸ್‌ಗಳ ನಡುವಿನ ಅಂತರ 60 ಅಡಿ. ಬೇಸ್‌ಬಾಲಿನಲ್ಲಿ ಅದು 90 ಅಡಿ. ಇಷ್ಟು ಸಾಕು.

ನನ್ನನ್ನು ಹಿಡಿದು ನಿಲ್ಲಿಸಿದ ವ್ಯತ್ಯಾಸ ಬೇರೆಯೇ. ನಮ್ಮ ವಾಂಖೆಡೆ ಕ್ರೀಡಾಂಗಣದ ಒಂದು ದ್ವಾರಕ್ಕೆ ವಿನೂ ಮಂಕಡ್ ಅವರ ಹೆಸರಿದೆ. 1947ರಲ್ಲಿ ಸಿಡ್ನಿಯಲ್ಲಿ, ಚೆಂಡು ಕೈಬಿಡುವ ಮೊದಲೇ ಕ್ರೀಸ್ ಬಿಟ್ಟು ಹೊರಟಿದ್ದ ಬಿಲ್ ಬ್ರೌನ್ ಅವರನ್ನು ಮಂಕಡ್ ರನೌಟ್ ಮಾಡಿದರು. ಅದು ಸರಿಯೋ ತಪ್ಪೋ ಎಂದು ನಾವು ಇಂದಿಗೂ ವಾದಿಸುತ್ತೇವೆ. ಬೇಸ್‌ಬಾಲಿನಲ್ಲಿ ಅದು ದಿನನಿತ್ಯದ ಕಸುಬು. ಫಸ್ಟ್ ಬೇಸ್‌ನಲ್ಲಿರುವ ಓಟಗಾರ, ಪಿಚರ್ (ನಮ್ಮ ಬೌಲರ್‌ನಂತೆ ಚೆಂಡೆಸೆಯುವವನು) ಎಸೆಯುವ ಮೊದಲೇ ಹತ್ತು ಹನ್ನೆರಡು ಅಡಿ ಮುಂದೆ ಸರಿದು ನಿಲ್ಲುತ್ತಾನೆ. ಪಿಚರ್ ಥಟ್ಟನೆ ತಿರುಗಿ ಬೇಸ್‌ನತ್ತ ಎಸೆದರೆ, ಓಟಗಾರ ಹೊಟ್ಟೆಯ ಮೇಲೆ ಬಿದ್ದು ಬೆರಳ ತುದಿಯಿಂದಾದರೂ ಬೇಸ್ ಮುಟ್ಟಬೇಕು. ಸಾಫ್ಟ್‌ಬಾಲಿನಲ್ಲಾದರೋ ಚೆಂಡು ಪಿಚರ್‌ನ ಕೈಬಿಡುವವರೆಗೆ ಓಟಗಾರ್ತಿ ಕಾಲು ಕೀಳುವಂತಿಲ್ಲ, ಕಿತ್ತರೆ ಔಟ್. ಆದ್ದರಿಂದ ಆಕೆಯ ಕಣ್ಣು ಮೊದಲ ದಿನದಿಂದಲೂ ಪಿಚರ್‌ನ ಸೊಂಟ, ಮಣಿಕಟ್ಟು, ಬೆರಳುಗಳ ಮೇಲೆಯೇ ಪಳಗುತ್ತದೆ.

ಫಸ್ಟ್ ಬೇಸ್ ಪಕ್ಕ ನಿಂತು ತನ್ನ ತಂಡದ ಓಟಗಾರನಿಗೆ ಸೂಚನೆ ಕೊಡುವ ಫಸ್ಟ್ ಬೇಸ್ ಕೋಚ್‌ಗೆ ಬೇಕಾದದ್ದೂ ಇದೇ ಕಣ್ಣು. ಸ್ಟಾಪ್‌ವಾಚ್ ಹಿಡಿದು, ಪಿಚರ್‌ನ ಮೊದಲ ಚಲನೆಯಿಂದ ಚೆಂಡು, ಬ್ಯಾಟು ಹಿಡಿದವನ ಹಿಂದೆ ಕುಳಿತ ಕ್ಯಾಚರ್‌ನ ಕೈಗವಸು ಸೇರುವವರೆಗಿನ ಹೊತ್ತನ್ನು ಅಳೆದು ಓಟಗಾರನ ಕಿವಿಯಲ್ಲಿ ಹೇಳಬೇಕು. ಅದು ಸುಮಾರು 1.3 ಸೆಕೆಂಡು, ಕ್ಯಾಚರ್ ಎರಡನೆಯ ಬೇಸ್‌ಗೆ ಎಸೆಯಲು ಇನ್ನು 2 ಸೆಕೆಂಡು. ಬೇಸ್ ಕದಿಯುವವನ, ಅಂದರೆ ಎಸೆತದ ನಡುವೆಯೇ ಮುಂದಿನ ಬೇಸ್‌ಗೆ ಓಡುವವನ, ಬಂಡವಾಳ ಅಷ್ಟೇ. ಈ ವಿದ್ಯೆಗೆ ಸಾಫ್ಟ್‌ಬಾಲಿಗಿಂತ ಒಳ್ಳೆಯ ಗರಡಿ ಇಲ್ಲವೆಂದೇ ನನ್ನ ನಂಬಿಕೆ.

2022ರ ಏಪ್ರಿಲ್ 12ರಂದು ಸ್ಯಾನ್ ಡಿಯಾಗೊ ಪಾಡ್ರೆಸ್ ವಿರುದ್ಧದ ಪಂದ್ಯದ ಮೂರನೆಯ ಇನ್ನಿಂಗ್ಸ್‌ನಲ್ಲಿ ಅಂಪೈರ್ ಜಯಂಟ್ಸ್‌ನ ಫಸ್ಟ್ ಬೇಸ್ ಕೋಚ್ ಆಂಟೊನ್ ರಿಚರ್ಡ್‌ಸನ್ ಅವರನ್ನು ಹೊರಹಾಕಿದಾಗ, ಆ ಜಾಗಕ್ಕೆ 92ನೆಯ ಅಂಗಿಯ ನ್ಯಾಕೆನ್ ಬಂದು ನಿಂತರು. ಎದುರಾಳಿ ತಂಡದ ಎರಿಕ್ ಹಾಸ್ಮರ್ ಅವರ ಕೈ ಕುಲುಕಿದರು. ಅಂದು ತೊಟ್ಟ ಹೆಲ್ಮೆಟ್ ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ವಸ್ತುಸಂಗ್ರಹಾಲಯ ಸೇರಿತು.

ಸಮಯ ಮುಗಿಯುತ್ತಿರುವುದರಿಂದ ಉಳಿದವರನ್ನು ಒಟ್ಟಿಗೇ ಹೇಳಿಬಿಡುತ್ತೇನೆ. 2009ರಲ್ಲೇ ಬ್ರಾಕ್ಟನ್ ರಾಕ್ಸ್ ಎಂಬ ಗಂಡಸರ ಬೇಸ್‌ಬಾಲ್ ತಂಡಕ್ಕೆ ಜಸ್ಟಿನ್ ಸೀಗಲ್ ಎಂಬ ಮಹಿಳೆ ಫಸ್ಟ್ ಬೇಸ್ ಕೋಚ್ ಆಗಿದ್ದರು. ಸಾಫ್ಟ್‌ಬಾಲ್ ಕ್ಯಾಚರ್ ಆಗಿದ್ದ ರೇಚಲ್ ಬಾಲ್ಕೊವೆಕ್ 2022ರಲ್ಲಿ ಟ್ಯಾಂಪಾ ಟಾರ್ಪನ್ಸ್ ಎಂಬ ಬೇಸ್‌ಬಾಲ್ ತಂಡದ ಮ್ಯಾನೇಜರ್, ಅಂದರೆ ಮುಖ್ಯ ಕೋಚ್, ಆದರು.

ಪುಣೆಯ ಪುಟ್ಟ ಆಟಗಾರ್ತಿಗೆ ನನ್ನದೊಂದು ಕೋರಿಕೆ. ಮುಂದಿನ ಪಂದ್ಯದಲ್ಲಿ ಬೆಂಚಿನ ಮೇಲೆ ಕುಳಿತಾಗ ಎದುರಾಳಿ ಪಿಚರ್‌ನ ಹತ್ತು ಎಸೆತಗಳ ಹೊತ್ತನ್ನು ಅಳೆದು, ಬರೆದು, ನನಗೆ ಕಳುಹಿಸು.