ಎಲೆ ಮಡಿಚಿದ ಹುಡುಗ

ಕೇಳುಗರಿಗೆಲ್ಲ ನಮಸ್ಕಾರ. ಮೊದಲು ನನ್ನದೇ ಒಂದು ಎಡವಟ್ಟು ಹೇಳಿಬಿಡುತ್ತೇನೆ.

ಮೊನ್ನೆ ಮಂಡ್ಯದಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗ, ಬಸ್ಸಿಗೆ ಹೊತ್ತಾಯಿತೇನೋ, ಎಲ್ಲರಿಗಿಂತ ಮುಂಚೆ ಉಂಡು ಮುಗಿಸಿ ಎಲೆಯನ್ನು ತನ್ನ ಕಡೆಗೆ ಮಡಿಚುವುದು ಬಿಟ್ಟು ಆಚೆ ಕಡೆಗೆ ಮಡಿಚಿದ. ನನಗೆ ತಡೆಯಲಾಗಲಿಲ್ಲ. 'ಹಂಗೆ ಮಡಿಚೋದು ತಿಥಿ ಊಟದಲ್ಲಿ ಕಣಪ್ಪ' ಎಂದುಬಿಟ್ಟೆ, ಅದೂ ಇಡೀ ಪಂಕ್ತಿಗೆ ಕೇಳುವ ಹಾಗೆ. ಹುಡುಗನ ಕಿವಿ ಕೆಂಪಾಯಿತು. ಆದರೆ ಜನ ನೋಡಿದ್ದು ಅವನನ್ನಲ್ಲ, ನನ್ನನ್ನು. ಮದುವೆ ಮನೆಯಲ್ಲಿ ತಿಥಿ ಮಾತೆತ್ತಿದವನು ನಾನೇ ಅಲ್ವಾ!

ಹಾಗಂತ ಯಾರಿಗೂ ಏನೂ ಹೇಳಲೇಬಾರದು ಅಂತಲ್ಲ. ಬಸ್ ಸ್ಟ್ಯಾಂಡಿನಲ್ಲಿ ಪಕ್ಕದವನು ಸಿಗರೇಟು ಹಚ್ಚಿದರೆ ಹೇಳಿ, ಧಾರಾಳವಾಗಿ ಹೇಳಿ. ಆ ಹೊಗೆ ನಮ್ಮ ಮೂಗಿಗೂ ಬರುತ್ತದೆ, ಸಾಲದ್ದಕ್ಕೆ 2003ರ ಕಾಯ್ದೆಯೂ ಇದೆ. ಆದರೆ ಎಲೆ ಯಾವ ಕಡೆ ಮಡಿಚಿದರೆ ನನಗೇನು ಹೋಯಿತು?

ನಮ್ಮ ಮೈಸೂರಿನವರಿಗೆ ಈ ಚಟ ಸ್ವಲ್ಪ ಜಾಸ್ತಿ. ಮಂಡ್ಯದ ಕಡೆಯವರು ಅಂಗಡಿಗೆ ಬಂದು 'ಅರ್ಧ ಲೀಟರ್ ಆಲು ಕೊಡಿ' ಎಂದರೆ, ಪ್ಯಾಕೆಟ್ ಕೈಯಲ್ಲೇ ಹಿಡಿದುಕೊಂಡು 'ಆಲು ಅಲ್ಲ ರೀ, ಹಾಲು' ಅನ್ನುತ್ತಾರೆ. ಅರ್ಥವಾಗಿದ್ದಕ್ಕೇ ತಾನೇ ಪ್ಯಾಕೆಟ್ ತೆಗೆದಿದ್ದು?

ತಿದ್ದುವಾಗ ನಮ್ಮ ಕಣ್ಣು ಎಲ್ಲಿರುತ್ತದೆ, ಒಮ್ಮೆ ಗಮನಿಸಿ. ತಪ್ಪು ಮಾಡಿದವರ ಮುಖದ ಮೇಲೋ, ಸುತ್ತ ಕೂತವರ ಮೇಲೋ? ನನ್ನ ಕಣ್ಣು ಅವತ್ತು ಪಂಕ್ತಿಯ ಮೇಲಿತ್ತು. ನನಗೆ ಗೊತ್ತು ಅನ್ನುವುದು ನಾಲ್ಕು ಜನಕ್ಕೆ ಗೊತ್ತಾಗಬೇಕಿತ್ತು, ಅಷ್ಟೆ. ಹುಡುಗನಿಗಾಗಿಯೇ ಆಗಿದ್ದರೆ ಕೈ ತೊಳೆಯುವ ಕಡೆ ಮೆಲ್ಲಗೆ ಹೇಳಬಹುದಿತ್ತು.

ಇದನ್ನೆಲ್ಲ ರೇಡಿಯೊದಲ್ಲಿ ಹೇಳುವುದು ಸುಲಭ, ಬಿಡಿ. 1935ರಲ್ಲಿ ಮನಶ್ಶಾಸ್ತ್ರದ ಮೇಷ್ಟ್ರು ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಶುರು ಮಾಡಿದರಲ್ಲ, ಅವತ್ತಿನಿಂದಲೂ ಇಲ್ಲಿ ಮಾತಾಡುವವರಿಗೆ ಒಂದು ಅನುಕೂಲ: ಕೇಳುವವರು ತಿರುಗಿ ಬೈಯುವಂತಿಲ್ಲ.

ಮದುವೆಯಲ್ಲಿ ಆ ಅನುಕೂಲ ಇರಲಿಲ್ಲ. ಹೆಣ್ಣಿನ ಅಜ್ಜಿ ಅಲ್ಲೇ ನಿಂತಿದ್ದರು. ನನಗೆ ಒಂದು ಮಾತೂ ಆಡಲಿಲ್ಲ. ಬಡಿಸುವ ಹುಡುಗನನ್ನು ಕರೆದು, 'ಮೈಸೂರ್ನೋರ ಬಾಯಿ ಖಾಲಿ ಅದೆ ಕಣ್ಲಾ, ಇನ್ನೊಂದ್ ಒಬ್ಬಟ್ಟು ಆಕು' ಎಂದರು.

'ಹಾಕು' ಅಂತ ನಾನು ತಿದ್ದಲಿಲ್ಲ. ತುಪ್ಪ ಹಾಕಿಸಿಕೊಂಡು ಸುಮ್ನೆ ತಿಂದೆ.