ಕೆಲಸ ಯಾವ ದಕ್ಕೆಯಲ್ಲಿ ಇಳಿಯುತ್ತದೆ?

ಎಲ್ಲರಿಗೂ ನಮಸ್ಕಾರ.

ಮಲ್ಪೆಯಿಂದ ಬಂದವರೆಲ್ಲ ಹಿಂದಿನ ಸಾಲಿನಲ್ಲಿ ಕೂತಿದ್ದೀರಿ. ದಯವಿಟ್ಟು ಮುಂದೆ ಬನ್ನಿ. ಇಲ್ಲಿ ಕುರ್ಚಿ ಖಾಲಿ ಇದೆ. ಇವತ್ತಿನ ಮಾತು ಜಾಸ್ತಿ ನಿಮ್ಮ ಜೊತೆಗೇ ಆಡಬೇಕಾದದ್ದು.

ಆಮಂತ್ರಣದಲ್ಲಿ ‘ಕಡಲ ಗಾಳಿಯ ವಿದ್ಯುತ್ ಮತ್ತು ಕರಾವಳಿಯ ಆರ್ಥಿಕತೆ’ ಅಂತ ಹಾಕಿದ್ದಾರೆ. ದೊಡ್ಡ ಹೆಸರು. ನಾನು ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೇನೆ. ಆದರೆ ನಾಲ್ಕರ ಒಳಗೂ ಇರುವುದು ಒಂದೇ ಪ್ರಶ್ನೆ. ಅದು ನಿಮಗೆ ಚೆನ್ನಾಗಿ ಗೊತ್ತಿರುವ ಪ್ರಶ್ನೆಯೇ.

ಬೋಟು ಮೀನನ್ನು ಗೋವಾದ ಹತ್ತಿರ ಹಿಡಿಯಲಿ, ರತ್ನಗಿರಿಯ ಹತ್ತಿರ ಹಿಡಿಯಲಿ. ಊರಿಗೆ ದುಡ್ಡು ಹುಟ್ಟುವುದು ಅದು ಇಳಿಯುವ ಜಾಗದಲ್ಲಿ, ದಕ್ಕೆಯಲ್ಲಿ, ಅಲ್ವಾ? ಏಲಂ ಅಲ್ಲೇ. ಐಸ್ ಪ್ಲಾಂಟು ಅಲ್ಲೇ. ಲೋಡು ಮಾಡುವವರು, ಬಲೆ ಹೆಣೆಯುವವರು, ಬುಟ್ಟಿ ಹೊತ್ತು ಮನೆಮನೆಗೆ ಹೋಗುವ ಅಕ್ಕಂದಿರು, ಬೆಳಿಗ್ಗೆ 4 ಗಂಟೆಗೆ ಚಹಾ ಮಾಡುವ ಹೋಟೆಲಿನವನು, ಎಲ್ಲರ ಅನ್ನವೂ ಆ ದಕ್ಕೆಯಲ್ಲಿ ಇದೆ. ಕಡಲ ಮೇಲೆ ಗಾಳಿಯಿಂದ ಕರೆಂಟು ಮಾಡುವ ಫ್ಯಾನು ನೆಟ್ಟಾಗಲೂ ಹೀಗೆಯೇ. ಕರೆಂಟು ಕೇಬಲ್‌ನಲ್ಲಿ ಬಂದು ಗ್ರಿಡ್‌ಗೆ ಸೇರಿ ಎಲ್ಲಿಗೋ ಹೋಗಿಬಿಡುತ್ತದೆ. ಅದರ ಕೆಲಸ ಮಾತ್ರ ಯಾವುದೋ ಒಂದು ದಕ್ಕೆಯಲ್ಲಿ ಇಳಿಯಲೇಬೇಕು. ಯಾವ ದಕ್ಕೆಯಲ್ಲಿ? ನನ್ನ ಪ್ರಶ್ನೆ ಇಷ್ಟೇ.

ಇದಕ್ಕೆ ಒಂದು ಊರಿನ ಕಥೆ ಹೇಳುತ್ತೇನೆ. ಇಂಗ್ಲೆಂಡಿನ ಪೂರ್ವ ಕರಾವಳಿಯ ಹಲ್. 2017ರ ಜನವರಿಯಲ್ಲಿ ನಾನು ಅಲ್ಲಿಗೆ ಒಂದು ಗಂಟೆಯ ದೂರದ ಲೀಡ್ಸ್‌ನಲ್ಲಿದ್ದೆ. ಹಲ್‌ನ ಪೇಟೆಯ ನಡುವೆ, ಕ್ವೀನ್ ವಿಕ್ಟೋರಿಯಾ ಚೌಕದಲ್ಲಿ, ರಾತ್ರೋರಾತ್ರಿ ಗಾಳಿಯಂತ್ರದ ರೆಕ್ಕೆಯೊಂದನ್ನು ತಂದು ಇಟ್ಟಿದ್ದಾರೆ ಅಂತ ಸುದ್ದಿ ಬಂತು. ಶನಿವಾರ ರೈಲು ಹತ್ತಿದೆ.

ಹೋಗಿ ನೋಡಿದರೆ, ರೆಕ್ಕೆ ಚೌಕದ ಈ ತುದಿಯಿಂದ ಆ ತುದಿಗೆ ಅಡ್ಡ ಮಲಗಿದೆ. 75 ಮೀಟರ್ ಉದ್ದ. ಒಂದು ಕಡೆ ನೆಲಕ್ಕೆ ತಾಗಿದೆ, ಇನ್ನೊಂದು ಕಡೆ ಎತ್ತರಕ್ಕೆ ಎದ್ದಿದೆ. ಡಬಲ್ ಡೆಕರ್ ಬಸ್ಸು ಅದರ ಅಡಿಯಲ್ಲೇ ಹೋಗುವಷ್ಟು ಎತ್ತರ. ಆ ವರ್ಷ ಹಲ್ ಬ್ರಿಟನ್ನಿನ ಸಂಸ್ಕೃತಿ ನಗರ ಅಂತ ಆಯ್ಕೆಯಾಗಿತ್ತು. ಅದರ ಕಲಾಕೃತಿಯಾಗಿ ಇದನ್ನು ಇಟ್ಟಿದ್ದರು. ಕಲಾವಿದರ ಹೆಸರು ನಯನ್ ಕುಲಕರ್ಣಿ. ಅಷ್ಟು ದೂರದ ಊರಿನ ಬೋರ್ಡಿನಲ್ಲಿ ಕುಲಕರ್ಣಿ ಅಂತ ಓದಿದಾಗ ನನಗಾದ ಖುಷಿ ನೀವೇ ಊಹಿಸಿ.

ಮಕ್ಕಳು ರೆಕ್ಕೆ ಮುಟ್ಟಿ ನೋಡುತ್ತಿದ್ದರು. ನಾನೂ ಮುಟ್ಟಿದೆ. ನಮ್ಮ ಫೈಬರ್ ದೋಣಿಯ ಮೈ ಇದೆಯಲ್ಲ, ಅದೇ ನಯ, ಅದೇ ತಂಪು. ಪಕ್ಕದಲ್ಲಿ ಒಬ್ಬರು ಅಜ್ಜ ನಿಂತಿದ್ದರು. ಎಲ್ಲಿಯವನು ಅಂತ ಕೇಳಿದರು. ಇಂಡಿಯಾದವನು, ಮೀನುಗಾರಿಕೆಯ ಊರಿನ ಹತ್ತಿರದವನು ಅಂದೆ. ಅಷ್ಟೇ ಸಾಕಾಯಿತು. “ಯಾವ ಮೀನು?” ಅಂದರು. ಬಂಗುಡೆ ಅಂತ ಹೇಳಿ, ಅದು ಅವರ ಮ್ಯಾಕೆರೆಲ್‌ನ ನೆಂಟ ಅಂತ ವಿವರಿಸಿದೆ. ಅವರು ಮುಖ ಸಣ್ಣ ಮಾಡಿದರು. ಹಲ್‌ನವರಿಗೆ ಮೀನು ಅಂದರೆ ಕಾಡ್ ಮಾತ್ರ! ಬಂಗುಡೆ ಪುಳಿಮುಂಚಿ ಒಂದು ಸಲ ತಿಂದಿದ್ದರೆ ಆ ಮುಖ ಮಾಡುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಅವರು 15ನೇ ವಯಸ್ಸಿಗೆ ಟ್ರಾಲರ್ ಹತ್ತಿದವರು. ಐಸ್‌ಲ್ಯಾಂಡಿನ ಕಡೆಗೆ ಹೋಗುತ್ತಿದ್ದರಂತೆ. ಒಂದು ಟ್ರಿಪ್ಪಿಗೆ ಮೂರು ವಾರ. ಬೋಟಿನ ಮೇಲೆ ಹಿಮ ಗಟ್ಟಿಯಾಗಿ ಕೂರುತ್ತಿತ್ತು. ಕೊಡಲಿಯಿಂದ ಕಡಿದು ಬಿಸಾಡದಿದ್ದರೆ ಬೋಟೇ ಮಗುಚುತ್ತಿತ್ತು. 1968ರ ಜನವರಿ-ಫೆಬ್ರುವರಿಯಲ್ಲಿ, ಮೂರೇ ವಾರಗಳಲ್ಲಿ, ಆ ಊರಿನ ಮೂರು ಟ್ರಾಲರ್‌ಗಳು ಮುಳುಗಿದವು. 58 ಜನ ಹೋದರು. ಅವರು ಇದನ್ನು ಹೇಳುವಾಗ ರೆಕ್ಕೆಯ ಮೇಲಿನ ಕೈ ತೆಗೆದಿರಲಿಲ್ಲ. ಆಮೇಲೆ ಬೀದಿಗಿಳಿದವರು ಹೆಂಗಸರು. ಲಿಲಿಯನ್ ಬಿಲೋಕಾ ಅಂತ ಒಬ್ಬ ತಾಯಿ ಮುಂದೆ ನಿಂತರು. ಪ್ರತಿ ಬೋಟಿನಲ್ಲೂ ರೇಡಿಯೋ ಆಪರೇಟರ್ ಇರಲೇಬೇಕು ಅಂತ ದಕ್ಕೆಯಲ್ಲಿ ಪೊಲೀಸರ ಜೊತೆ ಗುದ್ದಾಡಿದರು, ಲಂಡನ್ನಿಗೆ ಹೋಗಿ ಮಂತ್ರಿಗಳ ಮುಂದೆ ಕೂತರು, ಗೆದ್ದು ಬಂದರು.

2018ರ ಡಿಸೆಂಬರಿನಲ್ಲಿ ನಮ್ಮ ‘ಸುವರ್ಣ ತ್ರಿಭುಜ’ ಬೋಟು 7 ಜನರ ಜೊತೆ ವಾಪಸು ಬರದೇ ಹೋದಾಗ ನನಗೆ ಆ ಅಜ್ಜನ ಕೈ ನೆನಪಾಯಿತು. ಈ ಸಭೆಗೆ ನಾನು ಅದನ್ನು ವಿವರಿಸಬೇಕಾಗಿಲ್ಲ.

ಅಜ್ಜನ ಕಥೆ ಮುಗಿದಿಲ್ಲ. ಐಸ್‌ಲ್ಯಾಂಡ್ ತನ್ನ ಕಡಲ ಗಡಿಯನ್ನು 200 ಮೈಲಿಗೆ ಚಾಚಿತು. 1976ರಲ್ಲಿ ಬ್ರಿಟನ್ ಒಪ್ಪಿಕೊಂಡಿತು. ಹಲ್‌ನ ದೂರದ ಮೀನುಗಾರಿಕೆ ಅಲ್ಲಿಗೆ ನಿಂತಹಾಗೆಯೇ. ಕೆಲಸ ಹೋದವರಿಗೆ ಪರಿಹಾರ ಸಿಗಬೇಕಿತ್ತು. ಆದರೆ ನೀವು ಕಾಯಂ ನೌಕರರಲ್ಲ, ಬಿಡಿ ಕೂಲಿಗಳು, ಒಂದೊಂದು ಟ್ರಿಪ್ಪೂ ಬೇರೆ ಬೇರೆ ಕೆಲಸ ಅಂತ ಕಾನೂನು ಹೇಳಿತು. ಸರ್ಕಾರ ಪರಿಹಾರದ ಯೋಜನೆ ತಂದದ್ದು 2000ದಲ್ಲಿ. 24 ವರ್ಷ! ಅಷ್ಟರಲ್ಲಿ ಎಷ್ಟು ಜನ ಉಳಿದಿದ್ದರೋ. ಈ ಅಜ್ಜ ಕಾರವಾನ್ ಮಾಡುವ ಕಾರ್ಖಾನೆಗೆ ಸೇರಿ ಬದುಕಿದರು.

“ಇದನ್ನು ನನ್ನ ಮೊಮ್ಮಗಳು ಮಾಡಿದ್ದು” ಅಂದರು ರೆಕ್ಕೆ ತಟ್ಟಿ. “ಅವಳೊಬ್ಬಳೇ ಅಲ್ಲ. ಆದರೆ ಅವಳೂ ಮಾಡಿದ್ದಾಳೆ.”

ಆ ರೆಕ್ಕೆ ಬಂದದ್ದು ಹಲ್‌ನ ಅಲೆಕ್ಸಾಂಡ್ರಾ ಡಾಕ್‌ನಿಂದ. 1885ರ ಹಳೆಯ ಡಾಕ್ ಅದು. 2014ರ ಮಾರ್ಚಿನಲ್ಲಿ ಗಾಳಿಯಂತ್ರ ಮಾಡುವ ಸೀಮೆನ್ಸ್ ಮತ್ತು ಬಂದರಿನ ಕಂಪನಿ ಸೇರಿ 31 ಕೋಟಿ ಪೌಂಡ್ ಹಾಕುತ್ತೇವೆ ಅಂದವು. 2016ರ ಕೊನೆಗೆ ಕಾರ್ಖಾನೆ ತೆರೆಯಿತು. ಸುಮಾರು ಸಾವಿರ ಕೆಲಸ. ಮೊದಲ ತಂಡಗಳನ್ನು ಡೆನ್ಮಾರ್ಕಿನ ಆಲ್ಬೋರ್ಗ್‌ಗೆ ಕಳಿಸಿ ಕಲಿಸಿದರು. ರೆಕ್ಕೆ ಮಾಡುವುದು ಪೂರ್ತಿ ಯಂತ್ರದ ಕೆಲಸ ಅಂತ ನೀವು ಅಂದುಕೊಂಡಿರಬಹುದು. ಅಲ್ಲ. ಅಚ್ಚಿನ ಒಳಗೆ ಗ್ಲಾಸ್ ಫೈಬರ್ ಹಾಸನ್ನು ಪದರ ಪದರವಾಗಿ ಕೈಯಲ್ಲೇ ಹಾಸುತ್ತಾರೆ. ನಡುವೆ ಬಾಲ್ಸಾ ಎಂಬ ಹಗುರ ಮರದ ಹಲಗೆ ಇಡುತ್ತಾರೆ. ಆಮೇಲೆ ಗಾಳಿ ಹೀರಿ ತೆಗೆದು, ಗಟ್ಟಿಯಾಗುವ ಅಂಟು, ಅಂದರೆ ರೆಸಿನ್, ಎಳೆಸುತ್ತಾರೆ. ಒಂದು ಸುಕ್ಕು ಉಳಿದರೂ ರೆಕ್ಕೆ ಕೆಟ್ಟಿತು.

ಈಗ ಕೇಳಿ. ಗ್ಲಾಸ್ ಮ್ಯಾಟ್, ರೆಸಿನ್, ಅಚ್ಚು. ಇದು ಯಾರಿಗೆ ಗೊತ್ತಿರುವ ಕೆಲಸ? ನಮ್ಮಲ್ಲಿ ನಾಡದೋಣಿ ಮರದಿಂದ ಫೈಬರಿಗೆ ಬಂದು ಎಷ್ಟು ಕಾಲವಾಯಿತು! ಅದನ್ನು ಮಾಡುವ, ರಿಪೇರಿ ಮಾಡುವ ಕೈಗಳು ಈ ಕರಾವಳಿಯ ಉದ್ದಕ್ಕೂ ಇವೆ. ಅಷ್ಟೇ ಅಲ್ಲ. ಪಡುಬಿದ್ರಿಗೆ ರೆಕ್ಕೆ ಕಾರ್ಖಾನೆಯೇ ಬಂದಿತ್ತು. ನಿಮ್ಮಲ್ಲೇ ಕೆಲವರ ಮಕ್ಕಳು ಅಲ್ಲಿ ಕಲಿತವರು. ಅದರ ಏಳುಬೀಳು, ಗೇಟು ಮುಚ್ಚಿದ ದಿನಗಳು, ಎಲ್ಲ ನಿಮಗೆ ಗೊತ್ತು. ಅವತ್ತು ಕಲಿತ ಹುಡುಗರು ಈಗ ಎಲ್ಲಿದ್ದಾರೆ? ಬೆಂಗಳೂರಿನಲ್ಲಿ, ಗಲ್ಫಿನಲ್ಲಿ. ಕಲಿತ ಕೈ ಊರು ಬಿಟ್ಟು ಹೋಗುವುದಕ್ಕಿಂತ ದೊಡ್ಡ ನಷ್ಟ ಇನ್ನೇನಿದೆ?

ಆ ರೆಕ್ಕೆಗಳು ಲಾರಿಯಲ್ಲಿ ಹೆದ್ದಾರಿ ಹಿಡಿದು ಹೋಗುತ್ತಿದ್ದವು. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲಿನ ಫ್ಯಾನಿನ ಅಳತೆ ಬೇರೆ. ಕಡಲಿನ ಫ್ಯಾನು ಬೇರೆ. ಹಲ್‌ನ ಕಾರ್ಖಾನೆಯನ್ನು ದೊಡ್ಡದು ಮಾಡಿ 108 ಮೀಟರಿನ ರೆಕ್ಕೆ ತೆಗೆದಿದ್ದಾರೆ. ಕಾರ್ಕಳದ ಗೊಮ್ಮಟ 42 ಅಡಿ ಅಲ್ವಾ? ಎಂಟು ಗೊಮ್ಮಟರನ್ನು ಒಬ್ಬರ ಮೇಲೊಬ್ಬರು ನಿಲ್ಲಿಸಿದರೂ ಈ ರೆಕ್ಕೆಯ ತುದಿ ಮುಟ್ಟುವುದಿಲ್ಲ. ಇದನ್ನು ಯಾವ ರಸ್ತೆಯಲ್ಲಿ ತಿರುಗಿಸುತ್ತೀರಿ? ಅದಕ್ಕೇ ಕಾರ್ಖಾನೆ ನೀರಿನ ಅಂಚಿನಲ್ಲೇ ಇರಬೇಕು. ಮಾಡಿದ ಕಡೆಯಿಂದ ನೇರ ಹಡಗಿಗೆ. ಫ್ಯಾನು ದೊಡ್ಡದಾದಷ್ಟೂ ಕೆಲಸ ಒಳನಾಡಿನಿಂದ ದಕ್ಕೆಗೆ ಸರಿಯುತ್ತದೆ. ಕರಾವಳಿಯವರಿಗೆ ಇಂಥ ಅವಕಾಶ ಬೇರೆ ಯಾವ ಉದ್ದಿಮೆಯಲ್ಲೂ ಇಷ್ಟು ಸ್ಪಷ್ಟವಾಗಿ ಬಂದಿಲ್ಲ.

ಹಾಗಂತ ಕಡಲು ಹತ್ತಿರ ಇದ್ದರೆ ಸಾಕು, ಕೆಲಸ ತಾನಾಗಿ ಬರುತ್ತದೆ ಅಂತ ತಿಳಿಯಬೇಡಿ. ಸ್ಕಾಟ್ಲೆಂಡಿನ ಫೈಫ್ ತೀರದಲ್ಲಿ ಮೆಥಿಲ್ ಅಂತ ಒಂದು ಊರಿದೆ. ಎಣ್ಣೆ ಬಾವಿಗಳಿಗೆ ಉಕ್ಕಿನ ಕಟ್ಟಣೆ ಮಾಡಿಕೊಟ್ಟ ಯಾರ್ಡು ಅಲ್ಲಿತ್ತು. ಬೆಸುಗೆ ಹಾಕುವವರು ತಲೆಮಾರಿನಿಂದ ಇದ್ದರು. ಅವರದೇ ತೀರದ ಎದುರು, ಸುಮಾರು 15 ಕಿಲೋಮೀಟರ್ ಆಚೆ, 54 ಫ್ಯಾನುಗಳ ಯೋಜನೆ ಬಂತು. ಆ ಫ್ಯಾನುಗಳ ಉಕ್ಕಿನ ಕಾಲುಗಳಲ್ಲಿ ಬಹುಪಾಲು ಎಲ್ಲಿಗೆ ಹೋಯಿತು ಗೊತ್ತಾ? ಇಂಡೋನೇಷ್ಯಾಕ್ಕೆ. ಯಾರ್ಡು ನಡೆಸುತ್ತಿದ್ದ ಬೈಫ್ಯಾಬ್ ಕಂಪನಿ 2020ರ ಡಿಸೆಂಬರಿನಲ್ಲಿ ದಿವಾಳಿಯ ದಾರಿ ಹಿಡಿಯಿತು. ಮನೆಯ ಕಿಟಕಿಯಿಂದ ಫ್ಯಾನು ಕಾಣುತ್ತದೆ, ಅದರ ಕೆಲಸ ಕಾಣಲಿಲ್ಲ. ನಮ್ಮ ಎದುರಿನ ನೀರಿನಲ್ಲಿ ಮೀನು ಹಿಡಿದು ಬೇರೆ ದಕ್ಕೆಯಲ್ಲಿ ಇಳಿಸಿದ ಹಾಗೆ.

ಹಲ್‌ನಲ್ಲಿ ಏನು ಬೇರೆ ಆಯಿತು? ಊರಿನ ಕೌನ್ಸಿಲ್, ಪಕ್ಕದ ಕೌನ್ಸಿಲ್, ಬಂದರಿನವರು ಒಂದಾಗಿ ವರ್ಷಗಟ್ಟಲೆ ಹಿಂದೆ ಬಿದ್ದರು. ಜಾಗ ತೋರಿಸಿದರು. ಜನರಿಗೆ ತರಬೇತಿ ಕೊಡುತ್ತೇವೆ ಅಂದರು. ಕಂಪನಿ ಬರುವ ಮೊದಲೇ ಊರು ತಯಾರಾಗಿತ್ತು. ಹಲ್ ಈಗ ಸ್ವರ್ಗವಾಗಿದೆ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಇವತ್ತಿಗೂ ಬಡತನ ಇದೆ. ಮತ್ತೆ ಆ 40 ವರ್ಷ? 1976ಕ್ಕೆ ಬೋಟು ನಿಂತಿತು, 2016ಕ್ಕೆ ಕಾರ್ಖಾನೆ ಬಂತು. ನಡುವೆ ಒಂದು ಪೂರ್ತಿ ತಲೆಮಾರು ಹಾಗೇ ಕಳೆದುಹೋಯಿತು. ನಮ್ಮ ಬೋಟುಗಳು ಇನ್ನೂ ಹೋಗುತ್ತಿವೆ. ನಾವು ತಯಾರಾಗಬೇಕಾದದ್ದು ಈಗ.

ನಮ್ಮ ದೇಶದ ಸ್ಥಿತಿ ನೋಡೋಣ. ಕಡಲ ಗಾಳಿ ವಿದ್ಯುತ್ತಿನ ನೀತಿ ಬಂದದ್ದು 2015ರಲ್ಲಿ. ಇವತ್ತಿಗೂ ನಮ್ಮ ಸಮುದ್ರದಲ್ಲಿ ಒಂದು ಫ್ಯಾನೂ ತಿರುಗುತ್ತಿಲ್ಲ. 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ 7,453 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಗುಜರಾತಿನಲ್ಲಿ 500 ಮೆಗಾವ್ಯಾಟ್, ತಮಿಳುನಾಡಿನಲ್ಲಿ 500. ಅದರಲ್ಲೇ 600 ಕೋಟಿ ಎರಡು ಬಂದರುಗಳನ್ನು ಸಜ್ಜು ಮಾಡಲು. ಈ ಯೋಜನೆಯಲ್ಲಿ ಕರ್ನಾಟಕ ಇಲ್ಲ. ಅದಕ್ಕೆ ಕಾರಣವೂ ಇದೆ, ಒಪ್ಪಿಕೊಳ್ಳೋಣ. ಖಂಭಾತ್ ಕೊಲ್ಲಿಯ ಗಾಳಿ, ಮನ್ನಾರ್ ಕೊಲ್ಲಿಯ ಗಾಳಿ ನಮ್ಮ ಕಡೆಗಿಂತ ಜೋರು. ನಮ್ಮ ಎದುರಿನ ಕಡಲಿನಲ್ಲಿ ಮೊದಲ ಫ್ಯಾನು ನಿಲ್ಲುವುದಿಲ್ಲ.

ಆದರೆ ಗಾಳಿ ಎಲ್ಲಿ ಬೀಸುತ್ತದೆ ಅನ್ನುವುದು ಒಂದು, ಕೆಲಸ ಎಲ್ಲಿ ಇಳಿಯುತ್ತದೆ ಅನ್ನುವುದು ಇನ್ನೊಂದು. ಮಲ್ಪೆಯ ಶಿಪ್‌ಯಾರ್ಡನ್ನೇ ನೋಡಿ. ಕೊಚ್ಚಿನ್ ಶಿಪ್‌ಯಾರ್ಡ್‌ನವರು ಕೈಗೆ ತೆಗೆದುಕೊಂಡ ಮೇಲೆ ಅಲ್ಲಿ ನಾರ್ವೆಯ ವಿಲ್ಸನ್ ಕಂಪನಿಗೆ ಸರಕು ಹಡಗು ಕಟ್ಟುತ್ತಿದ್ದಾರೆ. ಅದೇ ಕೊಚ್ಚಿನ್ ಶಿಪ್‌ಯಾರ್ಡಿಗೆ ಯುರೋಪಿನ ಕಡಲ ಫ್ಯಾನುಗಳ ಸೇವೆಗೆ ಬೇಕಾದ ಹಡಗುಗಳ ಆರ್ಡರ್ ಬಂದಿದೆ. ಟೆಕ್ನಿಶಿಯನ್‌ಗಳು ವಾರಗಟ್ಟಲೆ ಅದರಲ್ಲೇ ಉಳಿದು ಫ್ಯಾನುಗಳ ರಿಪೇರಿ ಮಾಡುತ್ತಾರೆ. ಉತ್ತರ ಸಮುದ್ರದ ಗಾಳಿಯ ಕೆಲಸ ಕೊಚ್ಚಿಯಲ್ಲಿ ಇಳಿಯಬಹುದಾದರೆ ತೂತ್ತುಕುಡಿಯ ಗಾಳಿಯ ಕೆಲಸ ಮಲ್ಪೆಯಲ್ಲಿ, ಹಂಗಾರಕಟ್ಟೆಯಲ್ಲಿ ಯಾಕೆ ಇಳಿಯಬಾರದು?

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಹತ್ತು ನಿಮಿಷ ಅಂತ. ಅಜ್ಜನ ಕಥೆಯೇ ಅರ್ಧ ಹೊತ್ತು ತೆಗೆದುಕೊಂಡಿತು. ಪರವಾಗಿಲ್ಲ, ಅದು ಹೇಳಬೇಕಾದದ್ದೇ. ವಿದ್ಯುತ್ ದರದ ಲೆಕ್ಕ ತಂದಿದ್ದೆ, ಬಿಡುತ್ತೇನೆ. ಬೇಕಾದವರು ಆಮೇಲೆ ಸಿಗಿ.

ತರಬೇತಿಯದ್ದು ಬಿಡುವುದಿಲ್ಲ. ಫ್ಯಾನು ನೆಡುವ ಕೆಲಸ ಎರಡು ಮೂರು ವರ್ಷದ್ದು. ನೋಡಿಕೊಳ್ಳುವ ಕೆಲಸ 25 ವರ್ಷದ್ದು. ಹಲ್‌ನ ಆಚೆ ದಡದ ಗ್ರಿಮ್ಸ್‌ಬಿ ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಮೀನು ಬಂದರು ಅನ್ನಿಸಿಕೊಂಡಿತ್ತು. ಈಗ ಅದರ ರಾಯಲ್ ಡಾಕ್‌ನಿಂದ ಹಾರ್ನ್‌ಸೀ ಅನ್ನುವ ಕಡಲ ಯೋಜನೆಗಳ ಫ್ಯಾನುಗಳ ಆರೈಕೆ ನಡೆಯುತ್ತದೆ. ಅದರ ಮೊದಲನೆಯ ಯೋಜನೆ ‘ಹಾರ್ನ್‌ಸೀ 1’ರಲ್ಲಿ 174 ಫ್ಯಾನು, ದಡದಿಂದ 120 ಕಿಲೋಮೀಟರ್ ದೂರ. ಆ ಫ್ಯಾನು ಹತ್ತುವವನಿಗೆ ಜಿಡಬ್ಲ್ಯುಒ ಅನ್ನುವ ಸುರಕ್ಷತಾ ಪ್ರಮಾಣಪತ್ರ ಬೇಕು. ಪ್ರಥಮ ಚಿಕಿತ್ಸೆ, ಬೆಂಕಿ, ಭಾರ ಎತ್ತುವುದು, ಎತ್ತರದ ಕೆಲಸ, ಕಡಲಿನಲ್ಲಿ ಜೀವ ಉಳಿಸಿಕೊಳ್ಳುವುದು, ಹೀಗೆ ಐದು ಪಾಠ. ಎರಡು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಐದನೆಯ ಪಾಠವನ್ನು ನಮ್ಮ ಹುಡುಗರಿಗೆ ಕಡಲೇ ಚಿಕ್ಕಂದಿನಿಂದ ಕಲಿಸಿದೆ. ಉಳಿದ ನಾಲ್ಕನ್ನು ಕಲಿಸಲು ಜಿಲ್ಲೆಯಲ್ಲೊಂದು ಕೇಂದ್ರ ಬೇಕು. ಐಟಿಐ ಇವೆ, ಪಾಲಿಟೆಕ್ನಿಕ್ ಇವೆ, ಈಜುಕೊಳ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ, ಬೋಟು ಮೇಲೆ ಇರುತ್ತದೆ. ಆ 61 ದಿನಗಳಲ್ಲಿ ಕಲಿಸಲು ಆಗುವುದಿಲ್ವಾ? ಖಂಡಿತ ಆಗುತ್ತದೆ.

ಇನ್ನೊಂದು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ಬ್ರಿಟನ್ನಿನಲ್ಲಿ ಫ್ಯಾನುಗಳ ನಡುವೆ ಮೀನು ಹಿಡಿಯುವುದಕ್ಕೆ ಕಾನೂನಿನ ತಡೆ ಇಲ್ಲ. ಆದರೆ ಕೇಬಲ್‌ಗೆ ಸಿಕ್ಕೀತು ಅಂತ ಟ್ರಾಲ್ ಬಲೆಯವರು ಹೆದರುತ್ತಾರೆ. ನೆದರ್ಲೆಂಡ್ಸ್‌ನಲ್ಲಿ ಫ್ಯಾನುಗಳ ನಡುವೆ ಟ್ರಾಲಿಂಗೇ ಇಲ್ಲ. ಮನ್ನಾರ್ ಕೊಲ್ಲಿಯ ಮೀನುಗಾರರ ಆತಂಕವೂ ಇದೇ, ಅದು ನ್ಯಾಯವಾದದ್ದು. ನಕ್ಷೆಯ ಮೇಲೆ ಗೆರೆ ಎಳೆದ ಮೇಲೆ ಸಭೆ ಕರೆದರೆ ಅದು ಕೇಳಿದ ಹಾಗಲ್ಲ, ಹೇಳಿದ ಹಾಗೆ. ಯಾವ ತಿಂಗಳು ಮೀನು ಎಲ್ಲಿಗೆ ಬರುತ್ತದೆ, ನೀರಿನ ಸೆಳೆತ ಎಲ್ಲಿ, ಕಲ್ಲು ಎಲ್ಲಿ ಅಂತ ಬೋಟು ನಡೆಸುವ ತಾಂಡೇಲರಿಗೆ ಗೊತ್ತಿರುವಷ್ಟು ಯಾವ ಕಚೇರಿಗೂ ಗೊತ್ತಿಲ್ಲ. ಬ್ರಿಟನ್ನಿನಲ್ಲಿ ಫ್ಯಾನು ನೆಡುವಾಗ ಕಾವಲಿಗೆ ಮೀನುಗಾರರ ಬೋಟುಗಳನ್ನೇ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ. ಅಂಥದ್ದು ಕರಾರಿನಲ್ಲೇ ಬರೆದಿರಬೇಕು, ಮೊದಲ ದಿನವೇ. ಹಲ್‌ನ ಅಜ್ಜನನ್ನು ಬಿಡಿ ಕೂಲಿ ಅಂದುಬಿಟ್ಟರಲ್ಲ, ಆ ಮಾತು ಇಲ್ಲಿ ಯಾರಿಗೂ ಕೇಳಿಸಬಾರದು.

ನಾಲ್ಕನೆಯ ವಿಷಯ ಬಂದರಿನ ಆಳ, ಕ್ರೇನು, ಜಾಗದ್ದು. ಅದಕ್ಕೆ ಈಗ ಹೊತ್ತಿಲ್ಲ. ಮಂಗಳೂರಿನ ನವ ಬಂದರಿನ ಹತ್ತಿರ ಇದನ್ನು ಬಿಡುವಾಗಿ ಇನ್ನೊಮ್ಮೆ ಮಾತಾಡೋಣ.

ಪ್ರಶ್ನೆಗಳಿಗೆ ಐದು ನಿಮಿಷ ಉಳಿದಿದೆ ಅಂತಿದ್ದಾರೆ. ಮೊದಲ ಮೈಕು ಮಲ್ಪೆಯವರಿಗೆ ಕೊಡಿ. ಆ ನೀಲಿ ಅಂಗಿಯ ಅಣ್ಣ ಆಗಿನಿಂದ ಕೈ ಎತ್ತಿದ್ದಾರೆ. ಹೇಳಿ ಅಣ್ಣ.